ಒಂದೇ ಅಕ್ಷರ ತಪ್ಪಿದ ಇಲಿಬೋನು

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಒಬ್ಬ ಹುಡುಗ ಇದ್ದ. ಅವನಿಗೆ ಆಗಾಗ ವಿಪರೀತ ರಕ್ತಸ್ರಾವ ಆಗುತ್ತಿತ್ತು. ಈ 'ಆಗಾಗ' ಅನ್ನೋ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಹಿಮೋಫಿಲಿಯಾ ಇರುವವರ ರಕ್ತದಲ್ಲಿ ಹೆಪ್ಪುಗಟ್ಟಲು ಬೇಕಾದ ಯಾವುದೋ ಒಂದು ಅಂಶ ಕಡಿಮೆ ಇರುತ್ತದೆ. ಈ ಹುಡುಗನ ಕಥೆ ಉಲ್ಟಾ. ಅವನ ರಕ್ತದಲ್ಲಿ ಯಾವುದೋ ಒಂದು ವಸ್ತು ಜಾಸ್ತಿ ಇತ್ತು, ಮತ್ತು ಅದು ಹೆಪ್ಪುಗಟ್ಟುವುದನ್ನು ತಡೆಯುತ್ತಿತ್ತು. ಅಲ್ಲಿನ ವೈದ್ಯೆ ಜೆಸ್ಸಿಕಾ ಲೂಯಿಸ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ವರದಿ ಮಾಡಿದರು. ತಡೆಯುತ್ತಿದ್ದ ಆ ವಸ್ತು ನೋಡೋಕೆ ಆಂಟಿಟ್ರಿಪ್ಸಿನ್ ಅನ್ನೋ ಪ್ರೋಟೀನಿನ ಹಾಗಿತ್ತು. ವಿಚಿತ್ರ ಏನೆಂದರೆ, ಆಂಟಿಟ್ರಿಪ್ಸಿನ್‌ಗೂ ರಕ್ತ ಹೆಪ್ಪುಗಟ್ಟುವುದಕ್ಕೂ ಸಂಬಂಧವೇ ಇಲ್ಲ. ಅದರ ಕೆಲಸ ಶ್ವಾಸಕೋಶ ಕಾಯುವುದು.

ಹುಡುಗ 14 ವರ್ಷಕ್ಕೇ ತೀರಿಕೊಂಡ.

ಅವನ ರಕ್ತದಲ್ಲಿ ನಿಜವಾಗಿ ಏನಾಗಿತ್ತು ಅನ್ನೋದು ಗೊತ್ತಾಗಿದ್ದು ಭೂಮಿಯ ಇನ್ನೊಂದು ತುದಿಯಲ್ಲಿ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಗೊತ್ತುಮಾಡಿದ ತಂಡದ ಮುಖ್ಯಸ್ಥ ರಾಬಿನ್ ಕ್ಯಾರೆಲ್. ಅವರ ಸಂಶೋಧನೆಯ ಹಾದಿ ಹಿಡಿದು ಹೋದರೆ ರಕ್ತ ಹೇಗೆ ಹೆಪ್ಪುಗಟ್ಟುತ್ತದೆ, ಅದಕ್ಕಿಂತ ಮುಖ್ಯವಾಗಿ ಅದು ಯಾಕೆ ಸದಾ ಹೆಪ್ಪುಗಟ್ಟುತ್ತಲೇ ಇರುವುದಿಲ್ಲ ಅನ್ನೋದು ಸಲೀಸಾಗಿ ಅರ್ಥವಾಗುತ್ತದೆ. ಪಠ್ಯಪುಸ್ತಕದ ಆ ಬಾಣದ ಗುರುತುಗಳ ಚಿತ್ರಕ್ಕಿಂತ ಇದು ಎಷ್ಟೋ ವಾಸಿ.

ಮೊದಲು ಹೆಪ್ಪಿನ ವಿಷಯ ಬೇಗ ಮುಗಿಸೋಣ. ನಮ್ಮ ರಕ್ತದಲ್ಲಿ ಫೈಬ್ರಿನೋಜನ್ ಅನ್ನೋ ಪ್ರೋಟೀನ್ ಕರಗಿಕೊಂಡು ಓಡಾಡುತ್ತಿರುತ್ತದೆ. ಅದರ ತುದಿಯ ಚೂರುಗಳನ್ನು ಕತ್ತರಿಸಿಬಿಟ್ಟರೆ ಅವು ಒಂದಕ್ಕೊಂದು ಅಂಟಿಕೊಂಡು ನೂಲಾಗುತ್ತವೆ. ಆ ನೂಲಿನ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಹಾಕಿಕೊಂಡರೆ ಅದೇ ಹೆಪ್ಪು. ಕತ್ತರಿಸುವ ಕತ್ತರಿಯ ಹೆಸರು ಥ್ರಾಂಬಿನ್. ಹೀಗೆ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿಗೆ ಪ್ರೋಟಿಯೇಸ್ ಅಂತಾರೆ. ಆದರೆ ಕತ್ತರಿಯನ್ನು ಸುಮ್ನೆ ರಕ್ತದಲ್ಲಿ ತೆರೆದಿಟ್ಟರೆ ಕಷ್ಟ ಅಲ್ವಾ? ಅದಕ್ಕೇ ಥ್ರಾಂಬಿನ್ ಒರೆಯೊಳಗಿನ ಚೂರಿಯ ಹಾಗೆ ನಿಷ್ಕ್ರಿಯವಾಗಿ ಇರುತ್ತದೆ. ಆ ಒರೆ ಕತ್ತರಿಸಲು 10ನೇ ಫ್ಯಾಕ್ಟರ್ ಅನ್ನೋ ಇನ್ನೊಂದು ಕತ್ತರಿ ಬೇಕು. ಅದೂ ಒರೆಯಲ್ಲೇ ಇರುತ್ತದೆ, ಅದನ್ನು ತೆರೆಯಲು ಮತ್ತೊಂದು. ರಕ್ತನಾಳ ಹರಿದಾಗ ಹೊರಗಿನ ಅಂಗಾಂಶದಲ್ಲಿರುವ ಒಂದು ಪ್ರೋಟೀನ್ ರಕ್ತಕ್ಕೆ ಸೋಕುತ್ತದೆ, ಅಲ್ಲಿಂದ ಸರಪಳಿ ಶುರು. 1964ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಇದನ್ನು 'ಕ್ಯಾಸ್ಕೇಡ್' ಅಂತ ಕರೆದರು. ಅದೇ ವರ್ಷ ಅಮೆರಿಕದ ಡೇವಿ ಮತ್ತು ರಾಟ್ನಾಫ್ ಹೆಚ್ಚುಕಮ್ಮಿ ಇದೇ ವಿಷಯ ಹೇಳಿ 'ಜಲಪಾತ' ಅಂದರು. ಒಂದು ಕಿಣ್ವ ತನ್ನ ಮುಂದಿನ ಅನೇಕ ಅಣುಗಳನ್ನು ತೆರೆಯುತ್ತದೆ, ಅವು ಇನ್ನೂ ಅನೇಕವನ್ನು. ಸಾಲದ್ದಕ್ಕೆ ಥ್ರಾಂಬಿನ್ ಹಿಂದೆ ತಿರುಗಿ ತನ್ನನ್ನು ಹುಟ್ಟಿಸಿದ ಸರಪಳಿಗೇ ಇನ್ನಷ್ಟು ವೇಗ ಕೊಡುತ್ತದೆ. ಹನಿಯಾಗಿ ಶುರುವಾಗಿದ್ದು ಕ್ಷಣದಲ್ಲಿ ಧಾರೆ.

ಇಲ್ಲೇ ತೊಂದರೆ ಇರೋದು. ಇಷ್ಟು ಸಲೀಸಾಗಿ ಹೊತ್ತಿಕೊಳ್ಳುವ ಬೆಂಕಿ ಬೆರಳಿನ ಗಾಯದಲ್ಲಿ ಶುರುವಾಗಿ ಇಡೀ ಮೈಯ ರಕ್ತವನ್ನು ಯಾಕೆ ಗಟ್ಟಿ ಮಾಡಿಬಿಡುವುದಿಲ್ಲ? ಉತ್ತರ: ಬ್ರೇಕ್‌ಗಳು. ಅವುಗಳಲ್ಲಿ ದೊಡ್ಡದು ಆಂಟಿಥ್ರಾಂಬಿನ್. ಗಾಯದ ಜಾಗ ಬಿಟ್ಟು ಕೊಚ್ಚಿಕೊಂಡು ಹೋದ ಥ್ರಾಂಬಿನ್ ಮತ್ತು 10ನೇ ಫ್ಯಾಕ್ಟರನ್ನು ಅದು ಹಿಡಿದು ಹಾಕುತ್ತದೆ. 1965ರಲ್ಲಿ ನಾರ್ವೆಯ ಎಗೆಬರ್ಗ್ ಅನ್ನೋ ವೈದ್ಯರು ಒಂದು ಕುಟುಂಬವನ್ನು ವಿವರಿಸಿದರು. ಅವರಲ್ಲಿ ಆಂಟಿಥ್ರಾಂಬಿನ್ ಮಾಮೂಲಿಗಿಂತ ಕಡಿಮೆ ಇತ್ತು, ಪೂರ್ತಿ ಇಲ್ಲ ಅಂತಲ್ಲ. ಅಷ್ಟಕ್ಕೇ ಆ ಮನೆಯವರ ರಕ್ತನಾಳಗಳಲ್ಲಿ ಪದೇ ಪದೇ ಹೆಪ್ಪುಗಟ್ಟುತ್ತಿತ್ತು. ಈ ಬ್ರೇಕ್‌ನಲ್ಲಿ ಅರ್ಧ ಕಡಿಮೆಯಾದರೂ ದೇಹಕ್ಕೆ ತಡೆದುಕೊಳ್ಳಲು ಆಗುವುದಿಲ್ಲ.

ಈಗ ಕ್ಯಾರೆಲ್ ವಿಷಯಕ್ಕೆ ಬರೋಣ. 1936ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಹುಟ್ಟಿದರು, ಒಟಾಗೊದಲ್ಲಿ ವೈದ್ಯಕೀಯ ಓದಿದರು, ಆಮೇಲೆ ಕೇಂಬ್ರಿಜ್‌ಗೆ ಹೋಗಿ ಹರ್ಮನ್ ಲೇಮನ್ ಹತ್ತಿರ ಹಿಮೋಗ್ಲೋಬಿನ್ ಮೇಲೆ ಕೆಲಸ ಮಾಡಿದರು. ಲೇಮನ್ ಅವರ ಪ್ರಯೋಗಾಲಯ ಅಂದರೆ ಜಗತ್ತಿನ ನಾನಾ ಮೂಲೆಯ ವಿಚಿತ್ರ ಹಿಮೋಗ್ಲೋಬಿನ್‌ಗಳು ಬಂದು ಸೇರುವ ಜಾಗ. ಅಲ್ಲಿ ಕ್ಯಾರೆಲ್ ನೋಡಿದ್ದು ಅಸ್ಥಿರ ಹಿಮೋಗ್ಲೋಬಿನ್‌ಗಳನ್ನು. ನೂರಾರು ಅಮೈನೋ ಆಮ್ಲಗಳ ಮಾಲೆಯಲ್ಲಿ ಒಂದೇ ಒಂದು ಮಣಿ ಬದಲಾದರೆ ಇಡೀ ಅಣು ಕುಸಿದುಬೀಳುತ್ತದೆ. ಅಂಥ ಹಿಮೋಗ್ಲೋಬಿನನ್ನು ಪತ್ತೆ ಮಾಡಲು 1972ರಲ್ಲಿ ಕ್ಯಾರೆಲ್ ಮತ್ತು ಕೇ ಒಂದು ಸುಲಭದ ಪರೀಕ್ಷೆ ಕೊಟ್ಟರು: ರಕ್ತದಿಂದ ತೆಗೆದ ಹಿಮೋಗ್ಲೋಬಿನ್‌ಗೆ ಐಸೊಪ್ರೊಪನಾಲ್ ಹಾಕಿ ಬೆಚ್ಚಗಿಡಿ, ಅಸ್ಥಿರವಾಗಿದ್ದರೆ ಬೇಗ ಕದಡಿ ಗಸಿಯಾಗಿ ತಳ ಸೇರುತ್ತದೆ. ಒಂದು ಟೆಸ್ಟ್‌ಟ್ಯೂಬ್ ಸಾಕು. ನನಗೆ ಅನ್ನಿಸುವುದೇನೆಂದರೆ, ಅವರ ಮುಂದಿನ ಕೆಲಸವೆಲ್ಲ ಈ ಟ್ಯೂಬಿನಲ್ಲೇ ಇತ್ತು. ಪ್ರೋಟೀನ್ ಅನ್ನೋದು ಕಲ್ಲಲ್ಲ, ಅದು ಆಕಾರ ಬದಲಿಸುತ್ತದೆ, ಮತ್ತು ಆಕಾರ ಕೆಟ್ಟರೆ ಕಾಯಿಲೆ.

ಕ್ರೈಸ್ಟ್‌ಚರ್ಚ್‌ಗೆ ಮರಳಿದ ಮೇಲೆ ಆಂಟಿಟ್ರಿಪ್ಸಿನ್ ಕೈಗೆತ್ತಿಕೊಂಡರು. ನಮ್ಮ ಬಿಳಿ ರಕ್ತಕಣಗಳು ಸೋಂಕಿನ ಜೊತೆ ಹೋರಾಡುವಾಗ ಎಲಾಸ್ಟೇಸ್ ಅನ್ನೋ ಒಂದು ಕತ್ತರಿಯನ್ನು ಹೊರಹಾಕುತ್ತವೆ. ಅದು ಶ್ವಾಸಕೋಶದ ಹಿಗ್ಗುವ ನಾರುಗಳನ್ನೂ ಕತ್ತರಿಸಬಲ್ಲದು. ಅದನ್ನು ತಡೆಯುವುದು ಆಂಟಿಟ್ರಿಪ್ಸಿನ್. 1963ರಲ್ಲೇ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಇದು ಕಡಿಮೆ ಇರುವವರನ್ನು ಗುರುತಿಸಿದ್ದರು. ಅಂಥವರಲ್ಲಿ ಎಷ್ಟೋ ಮಂದಿಗೆ ಸಣ್ಣ ವಯಸ್ಸಿಗೇ ಶ್ವಾಸಕೋಶ ಹಾಳಾಗುತ್ತದೆ. 1982ರಲ್ಲಿ ಕ್ಯಾರೆಲ್ ತಂಡ, ಲಾರೆಲ್ ಅವರ ಕಡೆಯವರ ಜೊತೆ ಸೇರಿ, ಈ ಪ್ರೋಟೀನಿನ 394 ಅಮೈನೋ ಆಮ್ಲಗಳ ಪೂರ್ತಿ ಸಾಲನ್ನು ಪ್ರಕಟಿಸಿತು. ಅದರಲ್ಲಿ 358ನೇ ಜಾಗದಲ್ಲಿ ಮೆಥಿಯೋನಿನ್ ಇತ್ತು. ಎಲಾಸ್ಟೇಸ್ ಬಂದು ಕಚ್ಚುವುದು ಅಲ್ಲಿಗೇ. ಆಂಟಿಟ್ರಿಪ್ಸಿನನ್ನು ಒಂದು ಇಲಿಬೋನು ಅಂದುಕೊಂಡರೆ, ಅದೇ ಎರೆ.

ಮುಂದಿನ ವರ್ಷ, 1983ರಲ್ಲಿ, ಓವನ್, ಬ್ರೆನನ್, ಲೂಯಿಸ್ ಮತ್ತು ಕ್ಯಾರೆಲ್ ಪಿಟ್ಸ್‌ಬರ್ಗ್ ಹುಡುಗನ ಗುಟ್ಟು ಬಿಡಿಸಿದರು. ಅವನ ಆಂಟಿಟ್ರಿಪ್ಸಿನ್‌ನಲ್ಲಿ 358ನೇ ಜಾಗದಲ್ಲಿ ಮೆಥಿಯೋನಿನ್ ಬದಲು ಆರ್ಜಿನಿನ್ ಇತ್ತು. ಅಷ್ಟೇ. ಥ್ರಾಂಬಿನ್‌ಗೆ ಆರ್ಜಿನಿನ್ ಅಂದರೆ ಪ್ರಾಣ, ಅದರ ಪಕ್ಕದಲ್ಲೇ ಅದು ಕತ್ತರಿಸುವುದು. ಆಂಟಿಥ್ರಾಂಬಿನ್‌ನ ಎರೆಯೂ ಆರ್ಜಿನಿನ್ನೇ. ಅಂದರೆ ಒಂದು ಅಕ್ಷರ ಬದಲಾದದ್ದಕ್ಕೆ ಶ್ವಾಸಕೋಶ ಕಾಯುವ ಪ್ರೋಟೀನ್ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಆಗಿಬಿಟ್ಟಿತ್ತು. ಕಾವಲುಗಾರ ಅವನೇ, ಕಾಯುವ ಬಾಗಿಲು ಮಾತ್ರ ಬೇರೆ.

ಈಗ ಆ 'ಆಗಾಗ'ಕ್ಕೆ ಬರೋಣ. ನಿಜವಾದ ಆಂಟಿಥ್ರಾಂಬಿನ್‌ಗೆ ಒಂದು ಒಳ್ಳೆಯ ಗುಣ ಇದೆ. ರಕ್ತದಲ್ಲಿ ತೇಲುವಾಗ ಅದು ಸೋಮಾರಿ. ಆರೋಗ್ಯವಾಗಿರುವ ರಕ್ತನಾಳದ ಒಳಗೋಡೆಗೆ ಅಂಟಿರುವ ಹೆಪಾರಿನ್ ಥರದ ಸಕ್ಕರೆ ಸರಪಳಿ ಸಿಕ್ಕಿದಾಗ ಮಾತ್ರ ಚುರುಕಾಗುತ್ತದೆ. ಹಾಗಾಗಿ ಬ್ರೇಕ್ ಬೀಳುವುದು ಎಲ್ಲಿ ಬೇಕೋ ಅಲ್ಲಿ. ಹುಡುಗನ ಬದಲಾದ ಪ್ರೋಟೀನ್‌ಗೆ ಇಂಥ ಸ್ವಿಚ್ಚೇ ಇರಲಿಲ್ಲ, ಅದು ಸದಾ ಆನ್. ಇನ್ನೊಂದು, ಪೆಟ್ಟಾದಾಗ, ಉರಿಯೂತ ಬಂದಾಗ ಲಿವರ್ ಆಂಟಿಟ್ರಿಪ್ಸಿನನ್ನು ಜಾಸ್ತಿ ಜಾಸ್ತಿ ತಯಾರಿಸುತ್ತದೆ. ಅದು ಆ ಪ್ರೋಟೀನಿನ ಸಹಜ ಧರ್ಮ. ಉಳಿದವರಿಗೆ ಇದು ರಕ್ಷಣೆ. ಈ ಹುಡುಗನಿಗೆ ಮಾತ್ರ ಪೆಟ್ಟು ಬಿದ್ದಾಗ, ಅಂದರೆ ಹೆಪ್ಪು ಅತ್ಯಂತ ಬೇಕಾದಾಗಲೇ, ಬ್ರೇಕ್ ಇನ್ನಷ್ಟು ಜೋರಾಗಿ ಬೀಳುತ್ತಿತ್ತು. ಇದನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಪುಟ ತಿರುಗಿಸಲಿಲ್ಲ.

ಸರಿ, ಎರೆ ಗೊತ್ತಾಯಿತು. ಬೋನು ಹೇಗೆ ಕೆಲಸ ಮಾಡುತ್ತದೆ? ಪ್ರೋಟಿಯೇಸನ್ನು ತಡೆಯಲು ಸುಲಭದ ದಾರಿ ಅಂದರೆ ಬಿರಡೆ ಹಾಕುವುದು. ಜಿಗಣೆ ಮಾಡುವುದು ಅದನ್ನೇ. ಅದರ ಜೊಲ್ಲಿನಲ್ಲಿ ಹೆಪ್ಪು ತಡೆಯುವ ವಸ್ತು ಇದೆ ಅಂತ 1884ರಲ್ಲಿ ಹೇಕ್ರಾಫ್ಟ್ ತೋರಿಸಿದರು. ಆಮೇಲೆ ಅದಕ್ಕೆ ಹಿರುಡಿನ್ ಅಂತ ಹೆಸರಾಯಿತು. ಅದು ಥ್ರಾಂಬಿನ್‌ನ ಬಾಯಿಗೆ ಗಟ್ಟಿಯಾಗಿ ಮೆತ್ತಿಕೊಂಡು ಕೂರುತ್ತದೆ, ಅಷ್ಟೇ, ಯಾರ ಆಕಾರವೂ ಕೆಡುವುದಿಲ್ಲ. ಆದರೆ ಆಂಟಿಟ್ರಿಪ್ಸಿನ್ ಮತ್ತು ಆಂಟಿಥ್ರಾಂಬಿನ್ ಬಿರಡೆಗಳಲ್ಲ. ಇವುಗಳ ರಚನೆ ಒಂದೇ ಥರ ಅಂತ 1980ರಲ್ಲೇ ಹಂಟ್ ಮತ್ತು ಡೇಹಾಫ್ ಗಮನಿಸಿದ್ದರು, ಮತ್ತು ಕುಟುಂಬದ ಮೂರನೇ ಸದಸ್ಯ ಮೊಟ್ಟೆಯ ಬಿಳಿಯಲ್ಲಿರುವ ಓವಲ್ಬ್ಯುಮಿನ್! 1985ರಲ್ಲಿ ಕ್ಯಾರೆಲ್ ಮತ್ತು ಟ್ರಾವಿಸ್ ಈ ಕುಟುಂಬಕ್ಕೆ 'ಸರ್ಪಿನ್' ಅಂತ ಹೆಸರಿಟ್ಟರು. ಸೆರೀನ್ ಪ್ರೋಟಿಯೇಸ್ ಇನ್‌ಹಿಬಿಟರ್ ಅನ್ನೋದನ್ನು ಕುಗ್ಗಿಸಿದ್ದು. ಕನ್ನಡ ಕಿವಿಗೆ ಸರ್ಪ ನೆನಪಾಗುತ್ತದೆ, ಏನೂ ಸಂಬಂಧ ಇಲ್ಲ. (ಹಾವಿಗೂ ಹೆಪ್ಪಿಗೂ ಸಂಬಂಧ ಇದೆ ಅನ್ನಿ. ಕೊಳಕುಮಂಡಲದ ವಿಷದಲ್ಲಿರುವ ಒಂದು ಪ್ರೋಟಿಯೇಸ್ ಮೇಲಿನ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರ 10ನೇ ಫ್ಯಾಕ್ಟರನ್ನೇ ತೆರೆಯುತ್ತದೆ. ಅದು ಬೇರೆ ಕಥೆ.)

ಮೊದಲ ಸುಳಿವು ಸಿಕ್ಕಿದ್ದು 1984ರಲ್ಲಿ, ಜರ್ಮನಿಯ ರಾಬರ್ಟ್ ಹೂಬರ್ ಪ್ರಯೋಗಾಲಯದಲ್ಲಿ. ಅವರು ಕತ್ತರಿಸಿದ ಆಂಟಿಟ್ರಿಪ್ಸಿನ್‌ನ ಹರಳು ಮಾಡಿ ಎಕ್ಸ್‌ರೇಯಲ್ಲಿ ನೋಡಿದರು. 358ನೇ ಮಣಿ ಮತ್ತು 359ನೇ ಮಣಿ ಕತ್ತರಿಸುವ ಮೊದಲು ಅಕ್ಕಪಕ್ಕ ಅಂಟಿಕೊಂಡಿದ್ದವು. ಕತ್ತರಿಸಿದ ಮೇಲೆ ನೋಡಿದರೆ ಒಂದು ಅಣುವಿನ ಆ ತುದಿಯಲ್ಲಿ, ಇನ್ನೊಂದು ಈ ತುದಿಯಲ್ಲಿ, ಮಧ್ಯೆ ಸುಮಾರು 7 ನ್ಯಾನೋಮೀಟರ್. ಅಣುವಿನ ಲೆಕ್ಕದಲ್ಲಿ ಇದು ಮನೆಯ ಮುಂಬಾಗಿಲು ಹಿತ್ತಿಲಿಗೆ ಹೋಗಿ ಕೂತ ಹಾಗೆ. ಏನೋ ಒಂದು ಸ್ಪ್ರಿಂಗು ಬಿಚ್ಚಿಕೊಂಡಿದೆ ಅಂತ ಗೊತ್ತಾಯಿತು, ಹೇಗೆ ಅಂತ ಗೊತ್ತಾಗಲಿಲ್ಲ.

1986ರಲ್ಲಿ ಕ್ಯಾರೆಲ್ ಕೇಂಬ್ರಿಜ್‌ನಲ್ಲಿ ರಕ್ತಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಒಂದೊಂದೇ ಚಿತ್ರ ಸೇರಿಸುತ್ತಾ ಹೋದರು. 1990ರಲ್ಲಿ ಓವಲ್ಬ್ಯುಮಿನ್ ರಚನೆ, ಅದರಲ್ಲಿ ಎರೆಯ ಕುಣಿಕೆ ಕತ್ತರಿಸದೆ ಹೊರಗೆ ಚಾಚಿಕೊಂಡಿತ್ತು. 1994ರಲ್ಲಿ ಆಂಟಿಥ್ರಾಂಬಿನ್. ಕೊನೆಗೆ 2000ದಲ್ಲಿ ಜಿಮ್ ಹಂಟಿಂಗ್ಟನ್, ರ‍್ಯಾಂಡಿ ರೀಡ್ ಮತ್ತು ಕ್ಯಾರೆಲ್ ಪ್ರಕಟಿಸಿದ ಚಿತ್ರ, ಬೋನು ಬಿದ್ದ ಮೇಲಿನದು, ಒಳಗೆ ಇಲಿ ಸಮೇತ.

ಆಗುವುದು ಹೀಗೆ. ಸರ್ಪಿನ್‌ನ ಮೈಯಲ್ಲಿ ಐದು ಪಟ್ಟಿಗಳ ಒಂದು ಹಾಳೆ ಇದೆ, ಅದರ ಮಧ್ಯೆ ಆರನೇ ಪಟ್ಟಿ ತೂರುವಷ್ಟು ಜಾಗ. ಮೇಲ್ಗಡೆ ಕುಣಿಕೆಯೊಂದು ಚಾಚಿಕೊಂಡಿದೆ, ಎರೆ ಅದರ ಮೇಲೆ. ಪ್ರೋಟಿಯೇಸ್ ಬಂದು ಎರೆಯನ್ನು ಕಚ್ಚುತ್ತದೆ, ಕತ್ತರಿಸುತ್ತದೆ. ಕತ್ತರಿಸುವಾಗ ಒಂದು ಕ್ಷಣ ಕಿಣ್ವ ಮತ್ತು ಎರೆಯ ತುದಿ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತವೆ. ಮಾಮೂಲಿಯಾಗಿ ನೀರು ಬಂದು ಅದನ್ನು ಬಿಡಿಸುತ್ತದೆ, ಕಿಣ್ವ ಮುಂದಿನ ಕೆಲಸಕ್ಕೆ ಹೋಗುತ್ತದೆ. ಇಲ್ಲಿ ಆ ಕ್ಷಣದಲ್ಲೇ ಸ್ಪ್ರಿಂಗು ಬಿಡುತ್ತದೆ. ಕತ್ತರಿಸಿದ ಕುಣಿಕೆ ಫಟ್ ಅಂತ ಹಾಳೆಯೊಳಗೆ ಆರನೇ ಪಟ್ಟಿಯಾಗಿ ತೂರಿಕೊಳ್ಳುತ್ತದೆ, ಬೆಸೆದುಕೊಂಡ ಕಿಣ್ವವನ್ನೂ ಜೊತೆಗೆ ಎಳೆದುಕೊಂಡು ಹೋಗಿ ಅಣುವಿನ ಕೆಳತುದಿಗೆ ಅಪ್ಪಳಿಸುತ್ತದೆ. ಆ ಎಳೆತಕ್ಕೆ ಕಿಣ್ವದ ಕತ್ತರಿಸುವ ಭಾಗ ತಿರುಚಿಹೋಗುತ್ತದೆ, ಅದರ ರಚನೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಸ್ತವ್ಯಸ್ತ. ಇನ್ನು ಅದು ತನ್ನನ್ನು ಬಿಡಿಸಿಕೊಳ್ಳಲಾರದು. ಬೋನೂ ಇನ್ನೊಂದು ಸಲ ಬಳಕೆಗೆ ಬಾರದು. ಇಬ್ಬರೂ ಒಟ್ಟಿಗೆ ಹೋಗುತ್ತಾರೆ, ಲಿವರ್ ಅವರನ್ನು ರಕ್ತದಿಂದ ತೆಗೆದುಹಾಕುತ್ತದೆ.

ಒಂದು ಕಿಣ್ವ ಹಿಡಿಯಲು ಒಂದು ಪೂರ್ತಿ ಅಣು ಖರ್ಚು ಮಾಡುವುದು ದುಬಾರಿ ಅಂತ ಕಾಣಬಹುದು. ಆದರೆ ಬಿರಡೆ ಯಾವತ್ತಾದರೂ ಕಳಚಿಕೊಂಡೀತು. ಇದು ಹಾಗಲ್ಲ.

ಹೆಪಾರಿನ್ ಹೇಗೆ ಕೆಲಸ ಮಾಡುತ್ತದೆ ಅನ್ನೋದೂ ಇದರಿಂದಲೇ ತಿಳಿಯಿತು. ಹೆಪಾರಿನ್ 1916ರದು. ಜೇ ಮೆಕ್ಲೇನ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹೆಪ್ಪುಗಟ್ಟಿಸುವ ವಸ್ತು ಹುಡುಕುತ್ತಿದ್ದಾಗ, ಲಿವರ್‌ನಿಂದ ತೆಗೆದ ಸಾರ ಹೆಪ್ಪುಗಟ್ಟುವುದನ್ನೇ ತಡೆಯುತ್ತಿದೆ ಅಂತ ಕಂಡ. ಹುಡುಕಿದ್ದು ಒಂದು, ಸಿಕ್ಕಿದ್ದು ಅದರ ವಿರುದ್ಧ. ಆಮೇಲೆ ದಶಕಗಟ್ಟಲೆ ಆಸ್ಪತ್ರೆಗಳಲ್ಲಿ ಬಳಸಿದರು. ಅದು ತಾನಾಗಿ ಏನೂ ಮಾಡುವುದಿಲ್ಲ, ಆಂಟಿಥ್ರಾಂಬಿನ್ ಇದ್ದರೆ ಮಾತ್ರ ಕೆಲಸ ಅನ್ನೋದೂ ತಿಳಿಯಿತು. ಆದರೆ ನಿಖರವಾಗಿ ಹೇಗೆ? 1997ರಲ್ಲಿ ಕ್ಯಾರೆಲ್ ತಂಡ ಆಂಟಿಥ್ರಾಂಬಿನ್‌ಗೆ ಹೆಪಾರಿನ್‌ನ ಐದು ಸಕ್ಕರೆಗಳ ತುಣುಕು ಅಂಟಿಕೊಂಡ ರಚನೆಯನ್ನು ಬಿಡಿಸಿತು. ಸೋಮಾರಿ ಆಂಟಿಥ್ರಾಂಬಿನ್‌ನಲ್ಲಿ ಕುಣಿಕೆಯ ಒಂದು ತುದಿ ಹಾಳೆಯೊಳಗೆ ಸ್ವಲ್ಪ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಎರೆ ಸರಿಯಾಗಿ ಕಾಣುವುದಿಲ್ಲ. ಐದು ಸಕ್ಕರೆಗಳು ಬಂದು ಬೇರೆ ಕಡೆ ಅಂಟಿದಾಗ ಹಾಳೆ ಮುಚ್ಚಿಕೊಂಡು ಕುಣಿಕೆಯನ್ನು ಹೊರಗೆ ದಬ್ಬುತ್ತದೆ. ಬೋನು ಸಿದ್ಧ. 10ನೇ ಫ್ಯಾಕ್ಟರ್ ಹಿಡಿಯಲು ಇಷ್ಟೇ ಸಾಕು. ಥ್ರಾಂಬಿನ್‌ಗೆ ಸಾಲದು, ಅದಕ್ಕೆ ಉದ್ದನೆಯ ಸಕ್ಕರೆ ಸರಪಳಿ ಬೇಕು, ಥ್ರಾಂಬಿನ್ ಮತ್ತು ಆಂಟಿಥ್ರಾಂಬಿನ್ ಎರಡೂ ಆ ಒಂದೇ ಹಗ್ಗ ಹಿಡಿದು ಹತ್ತಿರ ಬರಬೇಕು. ಪೂರ್ತಿ ಹೆಪಾರಿನ್ ಇದ್ದರೆ ಥ್ರಾಂಬಿನ್ ಸಿಕ್ಕಿಬೀಳುವ ವೇಗ ಸಾವಿರ ಪಟ್ಟಿಗೂ ಮೀರಿ ಏರುತ್ತದೆ. ಬರೀ ಐದು ಸಕ್ಕರೆಗಳ ಔಷಧಿಯೂ ಇದೆ, ಫಾಂಡಪರಿನಕ್ಸ್ ಅಂತ, ಅದು 10ನೇ ಫ್ಯಾಕ್ಟರನ್ನು ಮಾತ್ರ ತಡೆಯುವುದು ಇದೇ ಕಾರಣಕ್ಕೆ.

ಎಳೆದಿಟ್ಟ ಸ್ಪ್ರಿಂಗಿನ ತೊಂದರೆ ಏನು ಗೊತ್ತಾ? ಇಲಿ ಬರದೆಯೂ ಬೋನು ಬೀಳಬಹುದು. ಕ್ಯಾರೆಲ್ ಅವರ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಭಾಗ. 1994ರಲ್ಲಿ ಅವರ ತಂಡ ಆಂಟಿಥ್ರಾಂಬಿನ್ ರೂಆನ್-6 ಅನ್ನೋ ಒಂದು ಬಗೆಯನ್ನು ವಿವರಿಸಿತು. ಅದರಲ್ಲಿ 187ನೇ ಮಣಿ ಬದಲಾಗಿತ್ತು, ಎರೆಯಿಂದ ತುಂಬಾ ದೂರ. ಅದಿದ್ದವರು ಎಷ್ಟೋ ಕಾಲ ಚೆನ್ನಾಗಿಯೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ತೀವ್ರವಾಗಿ ರಕ್ತ ಹೆಪ್ಪುಗಟ್ಟುತ್ತಿತ್ತು. ಈ ಪ್ರೋಟೀನ್ ಶಾಖಕ್ಕೆ ಸೂಕ್ಷ್ಮ. ಜ್ವರದ ಮಟ್ಟಕ್ಕೆ ಬಿಸಿಯಾದರೆ ಸ್ಪ್ರಿಂಗು ತಾನಾಗಿಯೇ ಸಡಿಲವಾಗಿ ಬೋನು ನಿಷ್ಪ್ರಯೋಜಕವಾಗುತ್ತದೆ. ಹುಡುಗನದು ಬ್ರೇಕ್ ಜಾಸ್ತಿಯಾದ ಕಥೆ, ಇವರದು ಬ್ರೇಕ್ ಕೈಕೊಟ್ಟ ಕಥೆ. ಎರಡೂ 'ಆಗಾಗ'.

ಕೆಲವು ಸಲ ಒಂದು ಬೋನಿನ ಕುಣಿಕೆ ಪಕ್ಕದ ಬೋನಿನ ಹಾಳೆಯೊಳಗೆ ತೂರಿಕೊಳ್ಳುತ್ತದೆ, ಅದರದ್ದು ಅದರ ಪಕ್ಕದ್ದರಲ್ಲಿ, ಹೀಗೆ ಮಣಿಸರವೇ ಆಗಿಬಿಡುತ್ತದೆ. ಆಂಟಿಟ್ರಿಪ್ಸಿನ್ ಕೊರತೆಗೆ ಮುಖ್ಯ ಕಾರಣವಾದ 'ಝಡ್' ಬಗೆಯಲ್ಲಿ 342ನೇ ಮಣಿ ಬದಲಾಗಿರುತ್ತದೆ. 1992ರಲ್ಲಿ ಡೇವಿಡ್ ಲೋಮಸ್ ಮತ್ತು ಕ್ಯಾರೆಲ್ ತಂಡ ತೋರಿಸಿದ್ದು ಇದನ್ನೇ: ಪ್ರೋಟೀನ್ ತಯಾರಾದ ಲಿವರ್‌ನಲ್ಲೇ ಸರಗಟ್ಟಿಕೊಂಡು ಗಂಟಾಗಿ ಉಳಿಯುತ್ತದೆ. ಲಿವರ್‌ಗೆ ಅದೇ ಕಾಯಿಲೆ, ಶ್ವಾಸಕೋಶಕ್ಕೆ ಕಾವಲೇ ಇಲ್ಲ. ಏಟು ಒಂದು, ಗಾಯ ಎರಡು. 1999ರಲ್ಲಿ ಇದೇ ಥರದ್ದು ಮೆದುಳಿನಲ್ಲೂ ಕಂಡಿತು. ನ್ಯೂರೋಸರ್ಪಿನ್ ಅನ್ನೋ ಮೆದುಳಿನ ಸರ್ಪಿನ್ ನರಕೋಶಗಳಲ್ಲಿ ಗಂಟುಗಟ್ಟಿ, ಎರಡು ಅಮೆರಿಕನ್ ಕುಟುಂಬಗಳಲ್ಲಿ ಮರೆವಿನ ಕಾಯಿಲೆ ತಂದಿತ್ತು. ರಕ್ತದ ವೈದ್ಯನೊಬ್ಬ ಹಿಮೋಗ್ಲೋಬಿನ್‌ನಿಂದ ಹೊರಟು ಕೊನೆಗೆ ಮೆದುಳಿಗೆ ಬಂದಿದ್ದ, ಮತ್ತು ದಾರಿಯಲ್ಲಿ ವಿಷಯ ಬದಲಿಸಿರಲೇ ಇಲ್ಲ.

ನಿವೃತ್ತಿಯ ನಂತರವೂ ನಿಲ್ಲಲಿಲ್ಲ. ರಕ್ತದೊತ್ತಡಕ್ಕೆ ಸಂಬಂಧಪಟ್ಟ ಆಂಜಿಯೊಟೆನ್ಸಿನೋಜನ್ ಕೂಡ ಸರ್ಪಿನ್ ಕುಟುಂಬದ್ದೇ. ಅದರ ರಚನೆಯನ್ನು 2010ರಲ್ಲಿ ಆಯಿವು ಝೌ ಮತ್ತು ರೀಡ್ ಜೊತೆ ಪ್ರಕಟಿಸಿದರು. ಅದರ ವಿವರಕ್ಕೆ ಹೋದರೆ ಇನ್ನೊಂದು ಲೇಖನವೇ ಬೇಕು.

ಆದರೆ ಆ 358ನೇ ಮಣಿಯ ಕಥೆ ಇನ್ನೂ ಇದೆ. ಹಂಟಿಂಗ್ಟನ್ ಕೇಂಬ್ರಿಜ್‌ನಲ್ಲೇ ಉಳಿದು ಹಿಮೋಫಿಲಿಯಾ ಬಗ್ಗೆ ಯೋಚಿಸಿದರು. ಹಿಮೋಫಿಲಿಯಾದಲ್ಲಿ ವೇಗ ಸಾಲದು. ವೇಗ ಹೆಚ್ಚಿಸಲು ಆಗದಿದ್ದರೆ ಬ್ರೇಕ್ ಸಡಿಲ ಮಾಡಬಹುದಲ್ಲ? ದೇಹದಲ್ಲಿ ಆಂಟಿಥ್ರಾಂಬಿನ್ ಅಲ್ಲದೆ ಇನ್ನೊಂದು ಬ್ರೇಕ್ ಇದೆ, ಆಕ್ಟಿವೇಟೆಡ್ ಪ್ರೋಟೀನ್ ಸಿ. ಮಜಾ ಏನೆಂದರೆ ಅದೂ ಪ್ರೋಟಿಯೇಸ್, ಅಂದರೆ ಅದಕ್ಕೂ ಬೋನು ಇಡಬಹುದು. 2017ರಲ್ಲಿ ಅವರ ತಂಡ ಪ್ರಕಟಿಸಿದ ಕೆಲಸದಲ್ಲಿ ಆಂಟಿಟ್ರಿಪ್ಸಿನ್ ತೆಗೆದುಕೊಂಡು 358ನೇ ಜಾಗದಲ್ಲಿ ಆ ಹುಡುಗನ ಆರ್ಜಿನಿನ್ನನ್ನೇ ಇಟ್ಟರು. ಅಷ್ಟೇ ಆಗಿದ್ದರೆ ಥ್ರಾಂಬಿನ್ ಬಂದು ಬೀಳುತ್ತಿತ್ತು. ಅದಕ್ಕೇ ಆರ್ಜಿನಿನ್‌ನ ಎರಡೂ ಪಕ್ಕ ಲೈಸಿನ್ ಇಟ್ಟರು. ಹಾಗೆ ಇಟ್ಟ ಮೇಲೆ ಥ್ರಾಂಬಿನ್ ಅದರ ಗೊಡವೆಗೆ ಹೋಗುವುದಿಲ್ಲ, ಬೀಳುವುದು ಪ್ರೋಟೀನ್ ಸಿ. ಹಿಮೋಫಿಲಿಯಾ ಇರುವ ಇಲಿಗಳಿಗೆ ಕೊಟ್ಟು ನೋಡಿದರು. ರಕ್ತಸ್ರಾವ ಕಡಿಮೆಯಾಯಿತು.